ಸಾವಾಗದ ಸಾಲುಮನೆ

ನಿವೃತ್ತಿಗೆ ಹತ್ತಿರ ಬಂದ ಮೇಷ್ಟರೊಬ್ಬರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಕೈಗೆ ಬರುವ ಹಣದಲ್ಲಿ ಗುಂಡ್ಲುಪೇಟೆಯಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟಿಸಬೇಕು ಅಂತಿದ್ದೇನೆ, ನಿಮಗೆ ಅನುಭವ ಇದೆಯಲ್ಲ, ಹೇಗೆ ಎಂದು ಕೇಳಿದರು. ನಾನು ಕಾಫಿ ಕೊಟ್ಟೆ, ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಜಗಳವೇ ಆಗುತ್ತಿತ್ತು. ಬಾಡಿಗೆ ಮನೆಯ ಲಾಭ ನಷ್ಟ ನನಗೆ ಚೆನ್ನಾಗಿ ಗೊತ್ತು, ಗೊತ್ತಿರುವುದರಿಂದಲೇ ಆ ಮಾತು ಬಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಮೊದಲು ನಾವೇ ಬಾಡಿಗೆಯವರು. ನಾನು ಹೈಸ್ಕೂಲ್ ಟೀಚರ್, ನನ್ನ ಗಂಡ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಚಾಮರಾಜನಗರ ಜಿಲ್ಲೆಯಾದ ಮೇಲೆ ಒಂದರ ಹಿಂದೊಂದು ಕಚೇರಿ ಬಂದವು, ಅವುಗಳ ಹಿಂದೆ ವರ್ಗವಾದವರು ಬಂದರು, ದನದ ಕೊಟ್ಟಿಗೆಗೆ ಸುಣ್ಣ ಹೊಡೆಸಿದವರೆಲ್ಲ ರಾತ್ರೋರಾತ್ರಿ ಓನರ್ ಆದರು. ನಮ್ಮ ಓನರ್ ಆ ಪೈಕಿ ಅಲ್ಲ. ಮಹಡಿ ಮೇಲೆ ಮೊಸಾಯಿಕ್ ನೆಲದ ಒಳ್ಳೆಯ ಮನೆಯನ್ನೇ ಕೊಟ್ಟಿದ್ದರು. ಬಹಳ ಮರ್ಯಾದಸ್ಥರು, ಹಬ್ಬ ಬಂದರೆ ಒಬ್ಬಟ್ಟು ಕಳಿಸುತ್ತಿದ್ದರು, ನಮ್ಮ ಜೊತೆಗಿದ್ದ ಮಾವನವರೊಡನೆ ಗೇಟಿನ ಹತ್ತಿರ ನಿಂತು ಗಂಟೆಗಟ್ಟಲೆ ಮಳೆ ಬೆಳೆ ಮಾತಾಡುತ್ತಿದ್ದರು. ಆ ಮಾವ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾವು ಹೆಣ ತಂದಾಗ ಓನರ್ ಅದೇ ಗೇಟಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು.

ಸಿಟ್ಟಿನಿಂದೇನೂ ಮಾತಾಡಲಿಲ್ಲ. ಮಗಳ ಮದುವೆ ಗೊತ್ತಾಗಿದೆ, ಕೆಳಗಿನ ಮನೆಯವರೂ ಬೇಡ ಅನ್ನುತ್ತಿದ್ದಾರೆ, ಆಸ್ಪತ್ರೆಯಲ್ಲಿ ಹೋದದ್ದು ಒಂದು ರೀತಿ ಒಳ್ಳೆಯದೇ ಆಯಿತು, ಹಾಗೇ ಊರಿಗೆ ಕರೆದುಕೊಂಡು ಹೋಗಿಬಿಡಿ, ತಪ್ಪು ತಿಳಿಯಬೇಡಿ ಎಂದರು. ಕಣ್ಣಲ್ಲಿ ನೀರೂ ಇತ್ತು. ನನಗೆ ಆ ನೀರು ನೋಡಿಯೇ ಹೆಚ್ಚು ಸಿಟ್ಟು ಬಂದದ್ದು. ಇಷ್ಟು ವರ್ಷ ತಿಂಗಳಾಗುವ ಮೊದಲೇ ಬಾಡಿಗೆ ಎಣಿಸಿ ಕೊಟ್ಟವರು ನಾವು. ಆ ಮನೆಯಲ್ಲಿ ಉಣ್ಣಬಹುದಿತ್ತು, ಮಲಗಬಹುದಿತ್ತು, ಸತ್ಯನಾರಾಯಣ ಪೂಜೆ ಮಾಡಿಸಿ ಓನರಿಗೇ ಪ್ರಸಾದ ಕೊಡಬಹುದಿತ್ತು. ಸತ್ತವರನ್ನು ಒಂದು ಗಳಿಗೆ ಮಲಗಿಸುವುದಕ್ಕೆ ಮಾತ್ರ ಸ್ವಂತ ಮನೆ ಬೇಕಿತ್ತು.

ಮಾವನ ಊರು ಚಂದಕವಾಡಿಯ ಹತ್ತಿರ. ಅಲ್ಲಿನ ಮನೆ ಮಾರಿ ಎಷ್ಟೋ ಕಾಲವಾಗಿತ್ತು. ಕೊಂಡವರು ನೆಂಟರೇ, ಆದರೆ ಅವರೂ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬೀದಿಯ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಮಲಗಿಸಿದೆವು. ತಾನು ಹುಟ್ಟಿದ ಮನೆಯ ಎದುರಿಗೆ, ಬಿಸಿಲಲ್ಲಿ. ತಿಥಿಯೆಲ್ಲ ಮುಗಿದ ಮೇಲೆ ನನ್ನ ಗಂಡ ಕೈ ತೊಳೆಯುತ್ತ, ಇನ್ನು ನಮ್ಮದು ಅಂತ ಒಂದು ಗೋಡೆಯಾದರೂ ಬೇಕು ಕಣೆ ಎಂದರು. ನಾನು ಹೌದು ಎಂದೆ. ಆ ಮಾತನ್ನು ಇಬ್ಬರೂ ಒಂದೇ ಅರ್ಥದಲ್ಲಿ ಆಡಿದೆವು ಎಂದು ನಾನು ತಿಳಿದಿದ್ದೆ.

ಹಣ ಬಂದದ್ದು ನನ್ನ ಕಡೆಯಿಂದ. ನಮ್ಮಪ್ಪನ ಜಮೀನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ರಸ್ತೆ ಬದಿಗೆ. ಕೇರಳದವರು ಶುಂಠಿ ಹಾಕಲು ಗುತ್ತಿಗೆಗೆ ಕೇಳುತ್ತಿದ್ದ ಕಾಲ, ನನ್ನ ಅಣ್ಣಂದಿರು ಗುತ್ತಿಗೆ ಯಾಕೆ ಎಂದು ಅದರಲ್ಲಿ ಒಂದು ತುಂಡನ್ನು ಮಾರಿಯೇಬಿಟ್ಟರು. ತಂಗಿಗೆ ಅರಿಶಿನ ಕುಂಕುಮದ ಲೆಕ್ಕದಲ್ಲಿ ಒಂದಿಷ್ಟು ಕೊಟ್ಟು ರುಜು ಹಾಕಿಸಿಕೊಳ್ಳೋಣ ಅಂತಿದ್ದರು. ನಾನು ಪಾಲು ಕೇಳಿದೆ. ಅದೊಂದು ಬೇರೆಯೇ ರಾಮಾಯಣ, ಇಲ್ಲಿ ಬೇಡ. ಪಾಲು ಬಂತು.

ಬಂದ ಮೇಲೆ ಏನು ಮಾಡುವುದು ಎಂದು ಮನೆಯಲ್ಲಿ ತಿಂಗಳುಗಟ್ಟಲೆ ಚರ್ಚೆ. ಬ್ಯಾಂಕಿನ ಬಡ್ಡಿ ವರ್ಷ ವರ್ಷ ಇಳಿಯುತ್ತಿತ್ತು. ಚೀಟಿ ನಡೆಸುವವರು ಒಂದು ದಿನ ಇರುತ್ತಾರೆ, ಮರುದಿನ ಬೀಗ ಇರುತ್ತದೆ. ಚಿನ್ನ ಕೊಂಡರೆ ಕಾಯಬೇಕು. ಬಾಡಿಗೆ ಮನೆ ಅಂದರೆ ಪಿಂಚಣಿ ಇದ್ದ ಹಾಗೆ ಎಂದು ನನ್ನ ಗಂಡ. ಮನೆ ಉಣ್ಣುವುದಿಲ್ಲ, ಉಡುವುದಿಲ್ಲ, ತಿಂಗಳಾದರೆ ಕೈಗೆ ಕೊಡುತ್ತದೆ ಅನ್ನುತ್ತಿದ್ದರು. ಮನೆ ಉಣ್ಣುವುದಿಲ್ಲ ಎಂದು ಹೇಳುವ ಗಂಡಸು ಮನೆ ನಡೆಸಿದವನಲ್ಲ. ಸುಣ್ಣ ಬಣ್ಣ ಉಣ್ಣುತ್ತದೆ, ಕಂದಾಯ ಉಣ್ಣುತ್ತದೆ, ತೊಟ್ಟಿಕ್ಕುವ ನಲ್ಲಿ, ಸೋರುವ ತಾರಸಿ, ಕಟ್ಟಿಕೊಂಡ ಮೋರಿ ಎಲ್ಲವೂ ಉಣ್ಣುತ್ತವೆ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ತನಕ ಖಾಲಿ ಬಿದ್ದ ತಿಂಗಳ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ನಾನು ಇದನ್ನೆಲ್ಲ ಹೇಳಿದೆ. ಆದರೂ ಒಪ್ಪಿದೆ, ಯಾಕೆಂದರೆ ನನ್ನ ಕಣ್ಣ ಮುಂದೆ ಆ ಹೊಂಗೆ ಮರವಿತ್ತು. ನಾವು ಓನರ್ ಆದರೆ ಒಂದು ಗೇಟಿಗಾದರೂ ಕುರ್ಚಿ ಅಡ್ಡ ಬರುವುದಿಲ್ಲ ಎಂದುಕೊಂಡೆ.

ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯಿಂದ ಒಳಗೆ, ಒಂದು ಸಾಲುಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಒಂದೇ ಗೋಡೆಗೆ ಅಂಟಿಕೊಂಡ ನಾಲ್ಕು ಮನೆ, ಮುಂದೆ ಉದ್ದಕ್ಕೆ ಜಗಲಿ, ಎಲ್ಲದರಲ್ಲೂ ಜನ. ಮಾರುವವರು ವಯಸ್ಸಾದ ವ್ಯಾಪಾರಿ, ಮೈಸೂರಿನ ಮಗನ ಹತ್ತಿರ ಹೋಗುವವರು. ಮನೆ ತೋರಿಸಲು ಕರೆದುಕೊಂಡು ಹೋದವರು ಒಂದು ಬಾಗಿಲನ್ನೂ ತಟ್ಟಲಿಲ್ಲ. ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದರು, ಅವರ ತಟ್ಟೆ ದಾಟಿಕೊಂಡೇ ಹೋಗಿ ಅಡುಗೆಮನೆಯ ಕಲ್ಲು ತೋರಿಸಿದರು. ಇನ್ನೊಂದರಲ್ಲಿ ಹೆಂಗಸು ತಲೆ ಬಾಚುತ್ತಿದ್ದಳು, ಸರಿಯಮ್ಮ ಸ್ವಲ್ಪ ಎಂದು ಗೋಡೆ ಎಷ್ಟು ನೆಟ್ಟಗಿದೆ ಎಂದು ತೋರಿಸಿದರು. ಅವರ ಮನೆಗೆ ನುಗ್ಗಿದವರು ನಾವು, ಎದ್ದು ನಿಂತವರು ಅವರು.

ಆಮೇಲೆ ಜಗಲಿಯಲ್ಲಿ ನಿಂತು ವ್ಯಾಪಾರಿ ಆ ಮನೆಗಳ ದೊಡ್ಡ ಗುಣ ಹೇಳಿದರು. ನೀರಿನದಲ್ಲ, ಗಾಳಿ ಬೆಳಕಿನದಲ್ಲ.

"ನೋಡಿ ಸಾರ್, ಕಟ್ಟಿದಾಗಿಂದ ಈ ಸಾಲಲ್ಲಿ ಒಂದು ಸಾವಾಗಿಲ್ಲ."

ಅದೃಷ್ಟವಲ್ಲ, ತಮ್ಮ ಜಾಗ್ರತೆ ಎಂದು ಅವರೇ ಬಿಡಿಸಿ ಹೇಳಿದರು. ಧನಿಷ್ಠಾ ಪಂಚಕ ಅಂತ ಒಂದಿದೆ. ಕೆಲವು ನಕ್ಷತ್ರಗಳಲ್ಲಿ ಮನೆಯೊಳಗೆ ಸಾವಾದರೆ ಬಾಗಿಲು ಹಾಕಿ ತಿಂಗಳುಗಟ್ಟಲೆ ಬೇರೆ ಕಡೆ ಇರಬೇಕು. ಸ್ವಂತ ಮನೆಯವರು ಹೇಗೋ ಮಾಡಿಕೊಳ್ಳುತ್ತಾರೆ. ಬಾಡಿಗೆ ಮನೆಗೆ ಬೀಗ ಬಿದ್ದರೆ ಓನರ್ ಗತಿ ಏನು? ನಕ್ಷತ್ರ ಒಳ್ಳೆಯದೇ ಇರಲಿ, ಹೆಣ ಬಿದ್ದ ಮನೆ ಎಂದು ಸುದ್ದಿಯಾದರೆ ಕೇಳಿಕೊಂಡು ಬಂದವರು ಅರ್ಧ ಬಾಡಿಗೆ ಹೇಳುತ್ತಾರೆ. ಅದಕ್ಕೇ ಬಾಡಿಗೆಯವರಲ್ಲಿ ವಯಸ್ಸಾದವರು ಹಾಸಿಗೆ ಹಿಡಿದರೆ ಇವರು ಹೊತ್ತಿಗೆ ಮುಂಚೆಯೇ ಒಂದು ಮಾತು ಹೇಳಿಬಿಡುತ್ತಿದ್ದರು, ಊರಿಗೆ ಕಳಿಸಿ ಎಂದು. ಎಲ್ಲರೂ ಕೇಳುತ್ತಿದ್ದರಂತೆ. ಕೊನೆಯ ಮನೆಯಲ್ಲಿ ಒಂದು ಮುದುಕಿ ಇದೆ, ಅದಕ್ಕೂ ಹೇಳಿ ಆಗಿದೆ, ನೀವು ಯೋಚನೆ ಮಾಡಬೇಡಿ ಎಂದರು. ಅವರು ಈ ಮಾತು ಹೇಳಿದ್ದು ಆ ಕೊನೆಯ ಮನೆಯ ಕಿಟಕಿಯ ಪಕ್ಕದಲ್ಲೇ ನಿಂತು.

ನಾನು ಆ ಮನೆಯ ಬಾಗಿಲು ತಟ್ಟಿ ಒಳಗೆ ಹೋದೆ. ಮುದುಕಿ ಕಿಟಕಿಯ ಕೆಳಗೆ ಚಾಪೆಯ ಮೇಲೆ ಮಲಗಿತ್ತು. ಮಗ ಹೆದ್ದಾರಿಯ ಹೋಟೆಲೊಂದರಲ್ಲಿ ದೋಸೆ ಹಾಕುವವನು, ಕೆಲಸಕ್ಕೆ ಹೋಗಿದ್ದ. ಸೊಸೆ ಎದ್ದು ನಿಂತಳು. ಮುದುಕಿಗೆ ಕಾಲು ಸ್ವಾಧೀನವಿರಲಿಲ್ಲ, ಮಾತು ಮಾತ್ರ ಚುರುಕಾಗಿತ್ತು. ಬೆಳಿಗ್ಗೆ ಮೋಡ ಇಲ್ಲದಿದ್ದರೆ ಆ ಕಿಟಕಿಯಿಂದ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ ಎಂದು ಹೇಳಿತು. ಶ್ರಾವಣ ಶನಿವಾರಗಳಲ್ಲಿ ನಡೆದೇ ಹತ್ತುತ್ತಿತ್ತಂತೆ, ಈಗ ಮಲಗಿದ್ದಲ್ಲಿಂದಲೇ ಕೈ ಮುಗಿಯುತ್ತದೆ. ತೆರಕಣಾಂಬಿಯಲ್ಲಿರುವ ಮಗಳ ಮನೆಗೆ ಕಳಿಸುತ್ತೇವೆ ಅಂತಾರೆ, ಅಲ್ಲಿ ಅಳಿಯನ ಕೈ ಕೆಳಗೆ ಇರಬೇಕು, ಈ ಕಿಟಕಿಯೂ ಇಲ್ಲ ಎಂದಿತು. ಆಮೇಲೆ ನನ್ನನ್ನು ನೆಟ್ಟಗೆ ನೋಡಿ ಕೇಳಿತು.

"ನೀವು ಮನೆ ತಕಂಡ್ರೆ ನನ್ನ ಆಚೆಗೆ ಕಳುಸ್ಬುಟ್ಟೀರೇನವ್ವ?"

"ಇಲ್ಲ ಕಣಜ್ಜಿ. ನೀನು ಎಲ್ಲಿಗೂ ಹೋಗ್ಬೇಡ, ಇಲ್ಲೇ ಇರು."

ಬಾಗಿಲ ಹತ್ತಿರ ನಿಂತಿದ್ದ ನನ್ನ ಗಂಡನಿಗೂ ಅದು ಕೇಳಿಸಿತು. ಮನೆ ಕೊಳ್ಳಲು ನಾನು ಒಪ್ಪಿದ್ದು ಆ ಮುದುಕಿಗೋಸ್ಕರ ಎಂದರೆ ಸುಳ್ಳಾಗುತ್ತದೆ. ಲೆಕ್ಕ ಹಾಕಿ, ಚೌಕಾಸಿ ಮಾಡಿಯೇ ಕೊಂಡೆವು. ಆದರೆ ನೋಂದಣಿಯಾದ ಮೊದಲ ವಾರವೇ ಮತ್ತೆ ಹೋಗಿ, ಮಗ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಅದೇ ಮಾತು ಹೇಳಿ ಬಂದೆ. ಮುದುಕಿಯ ಮುಖ ನೋಡುವ ಹಾಗಿತ್ತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಗಂಡನಿಗೆ ಅತ್ತೆಯ ಕಾಲ ಬಂತು. ಮಹಡಿಯ ಮನೆಯಲ್ಲಿ ಒಂದು ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಓನರ ಅಪ್ಪಣೆ ಕೇಳಿ ಕೇಳಿ ಬೇಸತ್ತಿದ್ದವರು, ಈಗ ಸಾಲುಮನೆಯ ಗೋಡೆಗಳ ಮೊಳೆ ಲೆಕ್ಕ ಹಿಡಿಯತೊಡಗಿದರು. ನೆಂಟರು ಎಷ್ಟು ದಿನ ಇರುತ್ತಾರೆ ಎಂದು ಕೇಳಿದರು. ಜಗಲಿಯಲ್ಲಿ ಬೆಣಚುಕಲ್ಲು ಆಡುವ ಮಕ್ಕಳಿಗೆ ನೆಲ ಹಾಳಾಗುತ್ತದೆ ಎಂದು ಗದರಿದರು. ಭಾನುವಾರ ಬಂದರೆ ಗುಂಡ್ಲುಪೇಟೆ ಬಸ್ ಹತ್ತುವ ಹೊತ್ತಿಗೆ ಅವರ ನಡಿಗೆಯೇ ಬೇರೆ. ಇದನ್ನೆಲ್ಲ ನಾನು ಮೊದಮೊದಲು ನಗೆಯಾಡುತ್ತಿದ್ದೆ. ಓನರ್ ಬಂದರು ದಾರಿ ಬಿಡಿ ಎಂದು ನಮ್ಮ ಮಕ್ಕಳ ಮುಂದೆ ರೇಗಿಸಿದ್ದೂ ಉಂಟು.

ಮುಂದಿನ ಚಳಿಗಾಲಕ್ಕೆ ಮುದುಕಿ ಊಟ ಬಿಟ್ಟಿತು. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ನಗೆ ನಿಂತಿತು. ನನ್ನ ಗಂಡ ಪಂಚಾಂಗ ತೆಗೆದುಕೊಂಡು ಕೂತರು. ಕಚೇರಿಯಲ್ಲಿ ತಿಳಿದವರೊಬ್ಬರನ್ನು ಕೇಳಿ ಬಂದಿದ್ದರು, ಮುಂದಿನ ವಾರ ಪೂರ್ತಿ ಕೆಟ್ಟ ನಕ್ಷತ್ರಗಳಂತೆ. ಒಂದು ಮನೆಗೆ ಬೀಗ ಬಿದ್ದರೆ ಪಕ್ಕದವರೂ ಹೆದರಿ ಬಿಡುತ್ತಾರೆ, ಆಗ ನಾಲ್ಕೂ ಖಾಲಿ, ನಿನ್ನ ತವರಿನ ದುಡ್ಡು ಎಂದೇ ಹೇಳುತ್ತಿದ್ದೇನೆ ಎಂದರು. ನನ್ನ ದುಡ್ಡಿನ ಮೇಲೆ ಅವರಿಗೆ ಅಷ್ಟು ಕಾಳಜಿ ಇದ್ದದ್ದು ನನಗೆ ಗೊತ್ತಿರಲಿಲ್ಲ.

ನಾನು ಚಂದಕವಾಡಿಯ ಮಾತೆತ್ತಿದೆ. ಹೊಂಗೆ ಮರ, ಚಾಪೆ, ಬಿಸಿಲು ಎಲ್ಲ ಹೇಳಿದೆ. ನಿಮ್ಮಪ್ಪನಿಗೆ ಆದದ್ದನ್ನೇ ನೀವು ಇನ್ನೊಬ್ಬರ ತಾಯಿಗೆ ಮಾಡುತ್ತೀರಾ ಎಂದು ಕೇಳಿದೆ. ಅದಕ್ಕೆ ಅವರು ಕೊಟ್ಟ ಉತ್ತರ ನನಗೆ ಅಕ್ಷರ ಅಕ್ಷರವೂ ನೆನಪಿದೆ.

"ಅವತ್ತು ನಂಗೂ ಓನರ್ ಮೇಲೆ ಸಿಟ್ಟು ಬಂದಿತ್ತು. ಈಗ ಓನರ್ ಆದ್ಮೇಲೆ ಅವ್ರ ಕಷ್ಟ ಅರ್ಥ ಆಯ್ತದೆ."

ಹದಿನೈದು ವರ್ಷ ಸಂಸಾರ ಮಾಡಿದ ಗಂಡಸು ಅವತ್ತು ನನಗೆ ಯಾರೋ ಅಪರಿಚಿತನ ಹಾಗೆ ಕಂಡರು. ಅವಮಾನ ಅನುಭವಿಸಿದವರು ಇನ್ನೊಬ್ಬರಿಗೆ ಅದನ್ನು ಮಾಡುವುದಿಲ್ಲ ಎಂದು ನಾನು ನಂಬಿದ್ದೆ. ಹಾಗೇನಿಲ್ಲ. ಕೆಲವರು ಅವಮಾನದಿಂದ ಕಲಿಯುವುದು ಒಂದೇ, ಗೇಟಿನ ಒಳಗಡೆ ಕುರ್ಚಿ ಹಾಕಿಕೊಂಡು ಕೂರುವುದು ಕ್ಷೇಮ ಎಂದು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಬಾಡಿಗೆ ಕೊಟ್ಟ ತಿಂಗಳು ಅದು ಅವರ ಮನೆ, ಅಲ್ಲಿ ಹುಟ್ಟುತ್ತಾರೋ ಸಾಯುತ್ತಾರೋ ನಮಗೇನು ಕೆಲಸ, ಪತ್ರದಲ್ಲಿ ನನ್ನ ಹೆಸರೂ ಇದೆ, ಆ ಅಜ್ಜಿ ಅಲ್ಲಿಂದ ಕದಲಬಾರದು ಎಂದೆ. ಅವರು ಪಂಚಾಂಗ ಮಡಚಿಟ್ಟರು. ಮಾತು ಅಲ್ಲಿಗೆ ಮುಗಿಯಿತು ಎಂದು ನಾನು ಪರೀಕ್ಷೆಯ ಪೇಪರ್ ತಿದ್ದಲು ಕೂತೆ.

ಎರಡನೆಯ ಭಾನುವಾರ ಇಬ್ಬರೂ ಗುಂಡ್ಲುಪೇಟೆಗೆ ಹೋದೆವು. ಅಜ್ಜಿಗೆ ಎಂದು ನಾನು ಗಂಜಿಯ ಅಕ್ಕಿ ತರಿ ಮಾಡಿಕೊಂಡು ಹೋಗಿದ್ದೆ. ಕೊನೆಯ ಮನೆಯ ಬಾಗಿಲು ತೆಗೆದಿತ್ತು. ಕಿಟಕಿಯ ಕೆಳಗೆ ಚಾಪೆ ಇರಲಿಲ್ಲ, ಅಲ್ಲಿ ಬಕೆಟ್ಟು, ಪೊರಕೆ ಇಟ್ಟಿದ್ದರು. ಒಳಗಿನಿಂದ ಮಗ ಬಂದ. ತಲೆ ಬೋಳಿಸಿತ್ತು.

ನಾನು ಅಲ್ಲೇ ಜಗಲಿಯಲ್ಲಿ ಕೂತುಬಿಟ್ಟೆ. ಅವನು ನನಗೆ ಸಮಾಧಾನ ಹೇಳಲು ಓಡಿ ಬಂದ. ನನಗೆ ದುಃಖವಾಗಿದೆ ಎಂದಲ್ಲ, ನನಗೆ ಭಯವಾಗಿದೆ ಎಂದು ತಿಳಿದುಕೊಂಡು.

"ಬಯ ಬೀಳ್ಬ್ಯಾಡಿ ಅಮ್ಮೋರೆ, ಮನೆಗೇನೂ ಆಗ್ಲಿಲ್ಲ. ಉಸ್ರಿರುವಾಗ್ಲೇ ಆಚೆಗೆ ತಂದ್ಬುಟ್ಟೊ. ಸಾರ್ ಏಳಿದ್ರಲ್ಲ, ಅಂಗೇ ಮಾಡ್ದೊ."

ಹೆಮ್ಮೆಯಿಂದಲೇ ಹೇಳಿದ. ಒಪ್ಪಿಸಿದ ಕೆಲಸವನ್ನು ಸರಿಯಾಗಿ ಮುಗಿಸಿ ಬಂದವರು ಹೇಳುತ್ತಾರಲ್ಲ, ಹಾಗೆ. ನಾನು ಗಂಡನ ಕಡೆ ತಿರುಗಿದೆ. ಅವರು ತಾರಸಿಯ ಅಂಚಿನ ಪಾಚಿ ನೋಡುತ್ತಿದ್ದರು. ನಮ್ಮ ಜಗಳದ ಮರುದಿನವೇ ಹೋಟೆಲಿಗೆ ಫೋನ್ ಮಾಡಿ ಅವನನ್ನು ಕರೆಸಿ ಹೇಳಿದ್ದರಂತೆ, ಮೇಡಂ ಹಾಗೇ ಅಂತಾರೆ, ನೀನು ತಾಯಿಯನ್ನು ತೆರಕಣಾಂಬಿಗೆ ಬಿಟ್ಟುಬಿಡು ಎಂದು. ಎರಡು ದಿನ ತಾಯಿಯನ್ನು ಒಪ್ಪಿಸಲು ನೋಡಿದ್ದಾನೆ, ಒಪ್ಪಲಿಲ್ಲ. ಮೂರನೆಯ ದಿನ ಮೇಲುಸಿರು ಬಂದಾಗ ಹೆದರಿಕೊಂಡು ಇವನೂ ಇವನ ಹೆಂಡತಿಯೂ ಎತ್ತಿ ಆಟೋದಲ್ಲಿ ಕೂರಿಸಿದ್ದಾರೆ. ಏನಾದರೂ ಅಂದಿತಾ ಎಂದು ಕೇಳಿದೆ.

"ಆ ಟೀಚ್ರಮ್ಮ ಓಗ್ಬ್ಯಾಡ ಅಂದಿದ್ರಲ್ಲಾ ಅಂತ ಅಂತಾನೇ ಇತ್ತು."

ತೆರಕಣಾಂಬಿ ತಲುಪಲಿಲ್ಲ. ಊರು ಇನ್ನೂ ಮುಂದಿರುವಾಗಲೇ ಆಟೋದಲ್ಲಿ, ಸೊಸೆಯ ತೊಡೆಯ ಮೇಲೆ ಪ್ರಾಣ ಹೋಗಿದೆ. ಮಗಳ ಮನೆಯವರು ಹೆಣವನ್ನು ಒಳಗೆ ಸೇರಿಸಿಕೊಂಡರೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಆ ಸಾಲುಮನೆಯಲ್ಲಿ ಒಂದು ಸಾವಾಗಲಿಲ್ಲ, ನಮ್ಮ ಹಣ ಭದ್ರವಾಗಿತ್ತು.

ನಮ್ಮ ಕಡೆ ಉಸಿರು ಹೋದ ಜಾಗದಲ್ಲಿ ದೀಪ ಹಚ್ಚಿ ಇಡುತ್ತಾರೆ, ವೈಕುಂಠ ಸಮಾರಾಧನೆಯ ತನಕ ಆರದ ಹಾಗೆ ನೋಡಿಕೊಳ್ಳುತ್ತಾರೆ. ಮನೆಯೊಳಗೆ ಎಲ್ಲೂ ದೀಪ ಕಾಣಲಿಲ್ಲ. ದೀಪ ಎಲ್ಲಿಟ್ಟಿದ್ದೀಯಪ್ಪ ಎಂದು ಕೇಳಿದೆ. ಅವನು ಅಷ್ಟು ಹೊತ್ತು ತಡೆದುಕೊಂಡಿದ್ದವನು ಆಗ ಅತ್ತ.

"ಉಸ್ರು ಓಗಿದ್ದು ಆಟೋದಲ್ಲಿ ಅಮ್ಮೋರೆ. ಅದು ಬಾಡ್ಗೆ ವಡೀತಾ ಅದೆ. ದೀಪ ಎಲ್ಲಿ ಅಚ್ಚನ?"

ನಾನು ಎದ್ದು ಒಳಗೆ ಹೋದೆ. ಬಕೆಟ್ಟು ಪೊರಕೆ ತೆಗೆದು ಆಚೆಗಿಟ್ಟೆ. ಸೊಸೆಯಿಂದ ಮಣ್ಣಿನ ಹಣತೆ, ಎಣ್ಣೆ, ಬತ್ತಿ ಈಸಿಕೊಂಡು ಕಿಟಕಿಯ ಕೆಳಗೆ, ಅಜ್ಜಿಯ ತಲೆ ಇರುತ್ತಿದ್ದ ಜಾಗದಲ್ಲಿ ಇಟ್ಟೆ. ಹಚ್ಚಪ್ಪ ಎಂದೆ. ಅವನು ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನನ್ನು ನೋಡಿದ. ತನ್ನ ತಾಯಿಗೆ, ತಾನು ಬಾಡಿಗೆ ಕಟ್ಟುವ ಮನೆಯಲ್ಲಿ, ಒಂದು ದೀಪ ಹಚ್ಚುವುದಕ್ಕೆ ಅವನು ಅಪ್ಪಣೆಗಾಗಿ ಕಾಯುತ್ತಿದ್ದ.